ಊರಿನ ಗೋಮಾಳ, ಕೆರೆ, ಗುಂಡುತೋಪು (ಊರಿನ ಸಾರ್ವಜನಿಕ ಮರಗಳ ತೋಪು) ಒತ್ತುವರಿಯಾಗುತ್ತಿದ್ದರೆ ಉಳಿಸಿಕೊಳ್ಳುವುದು ಹೇಗೆ?

ಕರ್ನಾಟಕ ಭೂಕಂದಾಯ ಕಾಯ್ದೆ 1964ರ 67ನೇ ಕಲಮಿನ ಪ್ರಕಾರ ಸಾರ್ವಜನಿಕ ರಸ್ತೆ, ಹಳ್ಳ, ಕೆರೆ, ಕಾಲುವೆಗಳು ಹಾಗೂ ಬೇರೆ ಯಾರ ಸ್ವತ್ತೂ ಅಲ್ಲದ ಜಮೀನೆಲ್ಲ ಸರ್ಕಾರಕ್ಕೆ ಸೇರಿದೆ. ಅದರಲ್ಲಿ ದನಕರುಗಳ ಮೇವಿಗೆ (ಇದೇ ಗೋಮಾಳ), ಸ್ಮಶಾನಕ್ಕೆ, ಇತರ ಸಾರ್ವಜನಿಕ ಉದ್ದೇಶಕ್ಕೆ ಜಮೀನನ್ನು ಕಾಯ್ದಿರಿಸುವ ಅಧಿಕಾರ 71ನೇ ಕಲಮಿನಡಿ ಜಿಲ್ಲಾಧಿಕಾರಿಗಳಿಗಿದೆ. ಒಡೆತನ ಸರ್ಕಾರದ್ದು, ಬಳಕೆ ಊರಿನದು. ಒಡೆಯ ದೂರದಲ್ಲಿರುವುದರಿಂದ, ಬಳಸುವವರ ಕೈಯಲ್ಲಿ ಕಾಗದವಿಲ್ಲದಿರುವುದರಿಂದ ಈ ಜಮೀನುಗಳು ಸುಲಭವಾಗಿ ಕೈತಪ್ಪುತ್ತವೆ. ಆದ್ದರಿಂದ ಒತ್ತುವರಿಯ ವಿರುದ್ಧದ ಹೋರಾಟವು ಬೇಲಿಯ ಬಳಿ ಜಗಳವಾಡುವುದರಿಂದ ಅಲ್ಲ, ದಾಖಲೆ ಸಂಗ್ರಹಿಸುವುದರಿಂದ ಆರಂಭವಾಗಬೇಕು.

ಮೊದಲು ಆ ಜಮೀನಿನ ಸರ್ವೆ ನಂಬರು ತಿಳಿದುಕೊಳ್ಳಿ. ಜಾಗದಲ್ಲಿ ನಿಂತು ಮೊಬೈಲಿನಲ್ಲಿ ಸರ್ಕಾರದ ಭೂನಕ್ಷೆಯ ದಿಶಾಂಕ್ ಆ್ಯಪ್ ತೆರೆದರೆ ಸರ್ವೆ ನಂಬರು ಕಾಣಿಸುತ್ತದೆ; ಆದರೆ ಅದು ಸುಳಿವಷ್ಟೇ, ಗಡಿಗೆ ಪುರಾವೆಯಲ್ಲ. ಬಳಿಕ ಈಗಿನ ಪಹಣಿ (ಜಮೀನಿನ ಹಕ್ಕು ಮತ್ತು ಸಾಗುವಳಿಯ ದಾಖಲೆ), ಕೈಬರಹದ ಕಾಲದ ಹಳೆಯ ಪಹಣಿ, ಮ್ಯುಟೇಶನ್ ವಹಿ (ಹಕ್ಕು ಬದಲಾವಣೆಯ ದಾಖಲೆ), ಆಕಾರಬಂದ್ (ಸರ್ವೆ ನಂಬರುವಾರು ವಿಸ್ತೀರ್ಣ, ಕಂದಾಯದ ಪಟ್ಟಿ), ಟಿಪ್ಪಣಿ (ಮೂಲ ಅಳತೆಯ ನಕ್ಷೆ) ಮತ್ತು ಗ್ರಾಮ ನಕಾಶೆಯ ದೃಢೀಕೃತ ಪ್ರತಿಗಳನ್ನು ಪಡೆಯಿರಿ. ಪಹಣಿಯನ್ನು ಓದುವಾಗ ಮೂರನೇ ಕಾಲಮಿನಲ್ಲಿ ವಿಸ್ತೀರ್ಣ ಮತ್ತು ಖರಾಬು (ಸಾಗುವಳಿಗೆ ಲೆಕ್ಕಕ್ಕೆ ಹಿಡಿಯದ ಭಾಗ) ಎಷ್ಟಿದೆ, ಒಂಬತ್ತನೇ ಕಾಲಮಿನಲ್ಲಿ ಸ್ವಾಧೀನದಾರರೆಂದು ಯಾರ ಹೆಸರಿದೆ, ಹತ್ತರಲ್ಲಿ ಆ ಹೆಸರು ಯಾವ ಆದೇಶದಿಂದ ಬಂತು, ಹನ್ನೆರಡರಲ್ಲಿ ಸಾಗುವಳಿದಾರರೆಂದು ಯಾರನ್ನು ಬರೆಯಲಾಗಿದೆ ಎಂಬುದನ್ನು ಬೇರೆಬೇರೆಯಾಗಿ ಗುರುತು ಮಾಡಿಕೊಳ್ಳಿ. ಹಳೆಯ ಪಹಣಿಯಲ್ಲಿ ‘ಸರ್ಕಾರಿ ಗೋಮಾಳ’ ಎಂದಿದ್ದು, ನಡುವಿನ ಯಾವುದೋ ವರ್ಷದಿಂದ ಖಾಸಗಿ ಹೆಸರು ಕಾಣಿಸಿಕೊಂಡಿದ್ದರೆ, ಆ ವರ್ಷದ ಮ್ಯುಟೇಶನ್ ಮತ್ತು ಅದಕ್ಕೆ ಆಧಾರವಾದ ಮಂಜೂರಾತಿ ಆದೇಶವೇ ನಿಮ್ಮ ಪ್ರಕರಣದ ಜೀವಾಳ. ಆದೇಶದ ಮೂಲ ಕಡತವೇ ಇಲ್ಲವೆಂದಾದರೆ ಆ ಸಂಗತಿಯನ್ನೂ ಬರವಣಿಗೆಯಲ್ಲಿ ಪಡೆದುಕೊಳ್ಳಿ.

ಖರಾಬಿನ ವಿಷಯದಲ್ಲಿ ವಿಶೇಷ ಎಚ್ಚರ ಬೇಕು. ‘ಎ’ ಖರಾಬು ಸಾಗುವಳಿಗೆ ಯೋಗ್ಯವಲ್ಲದ ಭಾಗ. ‘ಬಿ’ ಖರಾಬು ರಸ್ತೆ, ಕಾಲುದಾರಿ, ಹಳ್ಳ, ಕೆರೆ, ಸ್ಮಶಾನದಂತಹ ಸಾರ್ವಜನಿಕ ಉಪಯೋಗಕ್ಕೆ ಬಿಟ್ಟ ಭಾಗ. ಖಾಸಗಿ ಸರ್ವೆ ನಂಬರಿನೊಳಗೇ ಇರುವ ‘ಬಿ’ ಖರಾಬನ್ನು ಬಡಾವಣೆಯ ನಕ್ಷೆಯಲ್ಲಿ ಸೇರಿಸಿಕೊಂಡು ಮಾರಿಬಿಡುವುದು ನಗರಗಳ ಅಂಚಿನಲ್ಲಿ ಸಾಮಾನ್ಯವಾಗಿದೆ.

ಕಚೇರಿಯಲ್ಲಿ ದಾಖಲೆ ಸಿಗದಿದ್ದರೆ ಮಾಹಿತಿ ಹಕ್ಕು ಕಾಯ್ದೆ 2005ರಡಿ ಹತ್ತು ರೂಪಾಯಿ ಶುಲ್ಕದೊಂದಿಗೆ ಅರ್ಜಿ ಹಾಕಿ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ 150 ಪದಗಳೊಳಗೆ ಇರಬೇಕಾದ್ದರಿಂದ, ‘ಒತ್ತುವರಿ ಏಕೆ ತೆರವಾಗಿಲ್ಲ’ ಎಂದು ಪ್ರಶ್ನೆ ಕೇಳುವ ಬದಲು ಇಂಥ ಸರ್ವೆ ನಂಬರಿನ ಇಂಥ ದಾಖಲೆಯ ಪ್ರತಿ ಕೊಡಿ ಎಂದೇ ಬರೆಯಿರಿ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಮೊದಲ ಮೇಲ್ಮನವಿ, ಅಲ್ಲಿಯೂ ಆಗದಿದ್ದರೆ 90 ದಿನಗಳೊಳಗೆ ಮಾಹಿತಿ ಆಯೋಗ.

ಗೋಮಾಳದ ಮಟ್ಟಿಗೆ ಬಹಳ ಊರುಗಳು ಮರೆಯುವ ಸಂಗತಿಯೊಂದಿದೆ. ಭೂಕಂದಾಯ ನಿಯಮಗಳು 1966ರ 97ನೇ ನಿಯಮವು ಪ್ರತಿ ನೂರು ಜಾನುವಾರಿಗೆ 12 ಹೆಕ್ಟೇರ್, ಅಂದರೆ ಸುಮಾರು 30 ಎಕರೆ ಗೋಮಾಳ ಇರಬೇಕೆಂದು ಹೇಳುತ್ತದೆ. ಇದಕ್ಕಿಂತ ಹೆಚ್ಚಿದೆ ಎಂದು ಲೆಕ್ಕ ತೋರಿಸಿದಾಗ ‘ಹೆಚ್ಚುವರಿ’ ಜಮೀನನ್ನು ಬೇರೆ ಉದ್ದೇಶಕ್ಕೆ ಕೊಡುವ ದಾರಿ ತೆರೆದುಕೊಳ್ಳುತ್ತದೆ. ಆದ್ದರಿಂದ ಜಾನುವಾರು ಗಣತಿಯಲ್ಲಿ ನಿಮ್ಮ ಊರಿನ ದನ, ಎಮ್ಮೆ, ಕುರಿ, ಮೇಕೆಗಳೆಲ್ಲ ಸರಿಯಾಗಿ ದಾಖಲಾಗಿವೆಯೇ ಎಂದು ಪಶು ಆಸ್ಪತ್ರೆಯಲ್ಲಿ ವಿಚಾರಿಸಿ, ಮನೆವಾರು ಪಟ್ಟಿ ತಯಾರಿಸಿ, ಅದನ್ನು ಗ್ರಾಮಸಭೆಯ ನಡಾವಳಿಯಲ್ಲಿ ಸೇರಿಸಿಬಿಡಿ. ದನಗಳ ಸಂಖ್ಯೆ ಕಾಗದದಲ್ಲಿ ಇಳಿದರೆ ಗೋಮಾಳವೂ ಇಳಿಯುತ್ತದೆ.

ದಾಖಲೆ ಕೈಗೆ ಬಂದ ಮೇಲೆ ಅಳತೆ. ಗ್ರಾಮಸಭೆಯಲ್ಲಿ ಸರ್ವೆ ನಂಬರು, ವಿಸ್ತೀರ್ಣ ಮತ್ತು ಒತ್ತುವರಿಯ ಸ್ವರೂಪವನ್ನು ಹೆಸರಿಸಿ ನಿರ್ಣಯ ಮಾಡಿಸಿ, ಹದ್ದುಬಸ್ತು (ಅಳೆದು ಗಡಿ ಗುರುತಿಸುವುದು) ಮಾಡಿಕೊಡುವಂತೆ ತಹಶೀಲ್ದಾರರಿಗೆ ಮನವಿ ಕೊಡಿ. ಸ್ವೀಕೃತಿಯ ಮೊಹರು ಬೀಳದ ಮನವಿ ಕೊಡದಿದ್ದಂತೆಯೇ. ಸರ್ವೆಯ ದಿನ ಅಕ್ಕಪಕ್ಕದ ಹಿಡುವಳಿದಾರರಿಗೆ ನೋಟಿಸು ಜಾರಿಯಾಗಿರುವುದನ್ನು ಖಚಿತಪಡಿಸಿಕೊಳ್ಳಿ, ಏಕೆಂದರೆ ನೋಟಿಸಿಲ್ಲದ ಅಳತೆ ಮೇಲ್ಮನವಿಯಲ್ಲಿ ಬಿದ್ದುಹೋಗುತ್ತದೆ. ಊರಿನ ಹಿರಿಯರನ್ನು ಕರೆದೊಯ್ಯಿರಿ. ಹಳೆಯ ಬಾಂದುಕಲ್ಲು (ಗಡಿಕಲ್ಲು) ಯಾವ ಪೊದೆಯೊಳಗಿದೆ, ಕೆರೆಯ ಕೋಡಿ ಮೊದಲು ಎಲ್ಲಿ ಹರಿಯುತ್ತಿತ್ತು ಎಂಬುದು ಅವರಿಗೆ ಗೊತ್ತಿರುತ್ತದೆ. ಕಲ್ಲು ಕಿತ್ತುಹಾಕಿರುವ ಕಡೆ ಅಳತೆ ಯಾವ ಬಿಂದುವಿನಿಂದ ಆರಂಭವಾಯಿತು ಎಂಬುದನ್ನು ನಕ್ಷೆಯಲ್ಲಿ ಬರೆಸಿ. ಸ್ಥಳ ಮಹಜರಿನಲ್ಲಿ (ಸ್ಥಳ ಪರಿಶೀಲನೆಯ ಲಿಖಿತ ವರದಿಯಲ್ಲಿ) ‘ಒತ್ತುವರಿ ಇದೆ’ ಎಂಬ ಒಂದು ಸಾಲು ಸಾಲದು. ಯಾವ ದಿಕ್ಕಿನಲ್ಲಿ, ಎಷ್ಟು ಎಕರೆ ಎಷ್ಟು ಗುಂಟೆ, ಬೆಳೆಯೋ ಕಟ್ಟಡವೋ ಬೇಲಿಯೋ ಎಂಬುದು ಅದರಲ್ಲಿರಬೇಕು. ನಾನು ಕಂಡಂತೆ ತೆರವಿನ ಆದೇಶಗಳು ಮೇಲಿನ ಹಂತದಲ್ಲಿ ಸೋಲುವುದು ಕಾನೂನಿನ ಕೊರತೆಯಿಂದಲ್ಲ, ಇಂಥ ಅರೆಬರೆ ಮಹಜರಿನಿಂದ.

ಇಲ್ಲಿ ಒಂದು ಮಾತನ್ನು ಒತ್ತಿ ಹೇಳಬೇಕಾಗಿದೆ. ಅರ್ಧ ಎಕರೆಯಲ್ಲಿ ರಾಗಿ ಬೆಳೆದು ಬದುಕುತ್ತಿರುವ, ಬಗರ್ ಹುಕುಂ (ಮಂಜೂರಾತಿಯಿಲ್ಲದೆ ಸರ್ಕಾರಿ ಜಮೀನಿನಲ್ಲಿ ಮಾಡುವ ಸಾಗುವಳಿ) ಸಕ್ರಮಕ್ಕೆ ನಮೂನೆ 53 ಅಥವಾ 57ರಲ್ಲಿ ಅರ್ಜಿ ಹಾಕಿ ಕಾಯುತ್ತಿರುವ ಭೂರಹಿತ ಕುಟುಂಬವನ್ನೂ, ಕೆರೆಯಂಗಳಕ್ಕೆ ಮಣ್ಣು ತುಂಬಿಸಿ ನಿವೇಶನ ಮಾಡುವವರನ್ನೂ ಒಂದೇ ಪಟ್ಟಿಯಲ್ಲಿ ಬರೆಯುವುದು ಅನ್ಯಾಯ. ಪಂಜಾಬಿನ ಪಟಿಯಾಲ ಜಿಲ್ಲೆಯ ಗ್ರಾಮವೊಂದರ ಕೆರೆಗೆ ಸಂಬಂಧಿಸಿದ ಜಗಪಾಲ್ ಸಿಂಗ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2011ರ ಜನವರಿ 28ರಂದು ನೀಡಿದ ತೀರ್ಪೂ ಈ ಭೇದವನ್ನು ಗುರುತಿಸುತ್ತದೆ. ಬಹುಕಾಲದ ಸ್ವಾಧೀನವಾಗಲಿ, ಕಟ್ಟಡಕ್ಕೆ ಸುರಿದ ಹಣವಾಗಲಿ, ರಾಜಕೀಯ ನಂಟಾಗಲಿ ಒತ್ತುವರಿಯನ್ನು ಸಕ್ರಮಗೊಳಿಸಲು ಕಾರಣವಾಗದು ಎಂದ ನ್ಯಾಯಾಲಯವು, ಭೂರಹಿತ ಕಾರ್ಮಿಕರು, ಪರಿಶಿಷ್ಟ ಜಾತಿ ಮತ್ತು ಪಂಗಡದವರಿಗೆ ಸರ್ಕಾರದ ಅಧಿಸೂಚನೆಯಂತೆ ನೀಡಿದ ಜಮೀನು, ಶಾಲೆ ಅಥವಾ ಔಷಧಾಲಯ ಇರುವ ಜಾಗಗಳಂತಹ ಅಸಾಧಾರಣ ಸಂದರ್ಭಗಳಿಗೆ ಮಾತ್ರ ಅವಕಾಶ ಉಳಿಸಿತು. ಊರವರ ಮನವಿ ದೊಡ್ಡ ಒತ್ತುವರಿಯಿಂದ ಆರಂಭವಾಗಲಿ. ಬಡವರನ್ನು ಮೊದಲು ಎಬ್ಬಿಸಿದರೆ ಊರು ಒಡೆಯುತ್ತದೆ, ದೊಡ್ಡವರು ಹಾಗೆಯೇ ಉಳಿಯುತ್ತಾರೆ.

ತೆರವಿಗೆ ಭೂಕಂದಾಯ ಕಾಯ್ದೆಯ 94 ಮತ್ತು 104ನೇ ಕಲಮುಗಳಿವೆ, ಸರ್ಕಾರಿ ಜಮೀನಿನ ಅತಿಕ್ರಮಣವನ್ನು ಅಪರಾಧವೆಂದು ಪರಿಗಣಿಸುವ 192-ಎ ಇದೆ. ತಾಲ್ಲೂಕು ಕಚೇರಿ ಕದಲದಿದ್ದರೆ ಉಪವಿಭಾಗಾಧಿಕಾರಿ, ಜಿಲ್ಲಾಧಿಕಾರಿಗಳಿಗೆ ಹಿಂದಿನ ಮನವಿಗಳ ಸ್ವೀಕೃತಿ ಪ್ರತಿಗಳೊಂದಿಗೆ ಬರೆಯಿರಿ. ಬಡಾವಣೆ, ರೆಸಾರ್ಟಿನಂತಹ ಕಬಳಿಕೆಗಳಿಗೆ ಕರ್ನಾಟಕ ಭೂ ಕಬಳಿಕೆ ನಿಷೇಧ ಕಾಯ್ದೆ 2011ರಡಿ ಬೆಂಗಳೂರಿನಲ್ಲಿ ವಿಶೇಷ ನ್ಯಾಯಾಲಯವಿದೆ. ಅಲ್ಲಿಗೆ ಅಧಿಕಾರಿಗಳಷ್ಟೇ ಅಲ್ಲ, ಸಾಮಾನ್ಯ ವ್ಯಕ್ತಿಯೂ ದೂರು ಸಲ್ಲಿಸಬಹುದು. ತಪ್ಪು ಸಾಬೀತಾದರೆ ಒಂದರಿಂದ ಮೂರು ವರ್ಷದ ಜೈಲು ಮತ್ತು 25 ಸಾವಿರ ರೂಪಾಯಿವರೆಗಿನ ದಂಡವಿದೆ. ವಿಳಂಬ ಮಾತ್ರ ಮಾಡಬೇಡಿ. ಸರ್ಕಾರ ತನ್ನ ಜಮೀನಿಗಾಗಿ ದಾವೆ ಹೂಡಲು ಕಾಲಮಿತಿ ಕಾಯ್ದೆ 30 ವರ್ಷ ಕೊಟ್ಟಿದೆ ನಿಜ. ಆದರೆ ಮೂವತ್ತು ವರ್ಷದಲ್ಲಿ ಸಾಕ್ಷಿ ಹೇಳುವ ಒಂದು ತಲೆಮಾರೇ ಇಲ್ಲವಾಗುತ್ತದೆ.

ಕೆಲವೊಮ್ಮೆ ಜಮೀನು ಕೊಡುವುದು ಸರ್ಕಾರವೇ. 1984ರಲ್ಲಿ ರಾಜ್ಯ ಸರ್ಕಾರವು ಖಾಸಗಿ ಕಾರ್ಖಾನೆಯೊಂದಿಗೆ ಸೇರಿ ಕರ್ನಾಟಕ ಪಲ್ಪ್‌ವುಡ್ ಲಿಮಿಟೆಡ್ ಸ್ಥಾಪಿಸಿ, ನೀಲಗಿರಿ ಬೆಳೆಸಲು ಸುಮಾರು 30,000 ಹೆಕ್ಟೇರ್ ಜಮೀನು ಒದಗಿಸಲು ಹೊರಟಿತು. ಸಾಹಿತಿ ಶಿವರಾಮ ಕಾರಂತ, ಸಾಮಾಜಿಕ ಹೋರಾಟಗಾರ ಎಸ್.ಆರ್. ಹಿರೇಮಠ ಮುಂತಾದವರು ಇದನ್ನು ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದರು. ಊರವರು 1987ರ ನವೆಂಬರ್ 14ರಂದು ಇಂದಿನ ಹಾವೇರಿ ಜಿಲ್ಲೆಯ ಕುಸನೂರಿನಲ್ಲಿ ‘ಕಿತ್ತಿಕೊ ಹಚ್ಚಿಕೊ’ ಸತ್ಯಾಗ್ರಹ ನಡೆಸಿ, ನೀಲಗಿರಿ ಸಸಿ ಕಿತ್ತು ತಮಗೆ ಬೇಕಾದ ಗಿಡ ನೆಟ್ಟರು. 1991ರಲ್ಲಿ ಆ ಕಂಪನಿಯನ್ನೇ ಮುಚ್ಚಲಾಯಿತು. ನ್ಯಾಯಾಲಯದ ಅರ್ಜಿ ಮತ್ತು ಊರಿನ ಒಗ್ಗಟ್ಟು ಜೊತೆಯಲ್ಲಿ ಸಾಗಿದ್ದರಿಂದ ಅದು ಸಾಧ್ಯವಾಯಿತು. ಎರಡರಲ್ಲಿ ಒಂದನ್ನೇ ನೆಚ್ಚಿಕೊಂಡಿದ್ದರೆ ಆಗುತ್ತಿತ್ತೆಂದು ನನಗೆ ಅನಿಸುವುದಿಲ್ಲ.

ತೆರವಾದ ಜಾಗವನ್ನು ಖಾಲಿ ಬಿಟ್ಟರೆ ಮುಂದಿನ ಮುಂಗಾರಿಗೆ ಮತ್ತೆ ನೇಗಿಲು ಇಳಿಯುತ್ತದೆ. ಅದೇ ವಾರದಲ್ಲಿ ಗಡಿಗೆ ಕಲ್ಲು ನೆಡಿಸಿ, ಟ್ರೆಂಚ್ ತೋಡಿಸಿ, ಸರ್ಕಾರಿ ಜಮೀನೆಂಬ ಫಲಕ ಹಾಕಿಸಿ. ದನಗಳು ಒಳಹೋಗುವ ದಾರಿಯನ್ನು ಮಾತ್ರ ಮುಚ್ಚಬೇಡಿ, ಏಕೆಂದರೆ ಬಳಕೆಯಲ್ಲಿರುವ ಗೋಮಾಳಕ್ಕೆ ಕೈಹಾಕುವುದು ಕಷ್ಟ. ಸಾಗುವಳಿ ಕಾಲಮಿನಲ್ಲಿ ಒತ್ತುವರಿದಾರರ ಹೆಸರು ಉಳಿದಿದ್ದರೆ ತಿದ್ದುಪಡಿ ಆದೇಶ ಪಡೆದು ತೆಗೆಸಿ, ಪ್ರತಿ ವರ್ಷ ಹೊಸ ಪಹಣಿ ತೆಗೆದು ಗ್ರಾಮಸಭೆಯಲ್ಲಿ ಓದಿಸಿ, ಹಿಂದಿನ ವರ್ಷದ ಪ್ರತಿಯೊಂದಿಗೆ ಸಾಲುಸಾಲಾಗಿ ಹೋಲಿಸಿ ನೋಡಿ.