ದುರ್ಗದವರು ಸುಲ್ತಾನ್ ಬತ್ತೇರಿಯನ್ನು ನೋಡುವ ಬಗೆ

ಬತೇರಿ ಎಂದರೆ ಕಾವಲು ಬುರುಜು ಎಂದು ಚಿತ್ರದುರ್ಗದವರಿಗೆ ಹೇಳಿಕೊಡಬೇಕಾಗಿಲ್ಲ. ಲಾಲ್ ಬತೇರಿ, ತುಪ್ಪದ ಕೊಳದ ಬತೇರಿ ಎಂಬ ಹೆಸರುಗಳು ಚಿಕ್ಕಂದಿನಿಂದಲೂ ನಮ್ಮ ಕಿವಿಗೆ ಬಿದ್ದಿವೆ. ಅದೇ ಹೆಸರು ಹೊತ್ತ ಇನ್ನೊಂದು ಕಾವಲು ಕಟ್ಟಡ, ಸುಲ್ತಾನ್ ಬತ್ತೇರಿ, ಮಂಗಳೂರಿನ ಬೋಳೂರಿನಲ್ಲಿ, ಗುರುಪುರ ನದಿಯ ದಂಡೆಯ ಮೇಲಿದೆ. ಏಳು ಸುತ್ತಿನ ಕೋಟೆಯನ್ನು ಕಂಡ ಕಣ್ಣಿಗೆ ಅದು ಬಹಳ ಚಿಕ್ಕದಾಗಿ ತೋರುತ್ತದೆ. ಅದನ್ನು ಎತ್ತರದಿಂದ ಅಳೆಯಬಾರದು, ಅದು ಕಾಯುತ್ತಿದ್ದ ನೀರಿನಿಂದ ಅಳೆಯಬೇಕು.

ಆದ್ದರಿಂದ ಅದನ್ನು ನೋಡಲು ಮಂಗಳೂರಿಗೆ ಹೊರಡುವ ಮುಂಚೆ, ಮಳೆಯಿಲ್ಲದ ಒಂದು ಬೆಳಿಗ್ಗೆ, ನಮ್ಮ ಕೋಟೆಯ ತುಪ್ಪದ ಕೊಳದ ಬತೇರಿಯನ್ನು ಒಮ್ಮೆ ಹತ್ತಿಬನ್ನಿ. ಬಂಡೆಯಲ್ಲಿ ಕೊರೆದ ಹೆಜ್ಜೆಗುಳಿಗಳ ಮೇಲೆ ಜೋಪಾನವಾಗಿ ಕಾಲಿಡುತ್ತ ಮೇಲೆ ಹೋಗಿ ನಿಂತರೆ ಬಯಲು, ಊರು, ದಾರಿಗಳೆಲ್ಲ ಒಟ್ಟಿಗೆ ಕಣ್ಣಿಗೆ ಬೀಳುತ್ತವೆ. ಕಾವಲುಗಾರನಿಗೆ ಶತ್ರು ಎಷ್ಟು ದೂರದಿಂದ ಕಾಣುತ್ತಿದ್ದನೆಂಬುದು ಆಗ ಅರ್ಥವಾಗುತ್ತದೆ.

ಇತಿಹಾಸದ ಎಳೆಯೂ ದುರ್ಗದಿಂದ ದೂರವಿಲ್ಲ. ಮದಕರಿ ನಾಯಕನ ದುರ್ಗವನ್ನು ಹೈದರಾಲಿ ವಶಪಡಿಸಿಕೊಂಡದ್ದು 1779ರಲ್ಲಿ. ಅವನ ಮಗ ಟಿಪ್ಪು ಸುಲ್ತಾನ್ ಈ ಬತ್ತೇರಿಯನ್ನು ಕಟ್ಟಿಸಿದ್ದು 1784ರಲ್ಲಿ. 1783ರಲ್ಲಿ ಮಂಗಳೂರನ್ನು ಹಿಡಿದಿದ್ದ ಇಂಗ್ಲಿಷರ ಮೇಲೆ ಟಿಪ್ಪು ತಿಂಗಳುಗಟ್ಟಲೆ ಮುತ್ತಿಗೆ ಹಾಕಿ, ಮರುವರ್ಷದ ಜನವರಿಯಲ್ಲಿ ಕೋಟೆಯನ್ನು ಮರಳಿ ಪಡೆದ. ಮಾರ್ಚ್ 11ರಂದು ಮಂಗಳೂರು ಒಪ್ಪಂದವಾಯಿತು. ಯುದ್ಧನೌಕೆಗಳು ಗುರುಪುರ ನದಿಯೊಳಗೆ ನುಗ್ಗದಂತೆ ತಡೆಯುವುದು ಈ ಕಟ್ಟಡದ ಉದ್ದೇಶವಾಗಿತ್ತು. ಇಷ್ಟನ್ನು ಮನಸ್ಸಿನಲ್ಲಿಟ್ಟುಕೊಂಡು ಹೊರಡುವುದು ಒಳ್ಳೆಯದು.

ಹೊಳಲ್ಕೆರೆ, ಶಿವಮೊಗ್ಗ, ತೀರ್ಥಹಳ್ಳಿಗಳ ಮೇಲಾಗಿ ಮಂಗಳೂರು ಸುಮಾರು 300 ಕಿಲೋಮೀಟರ್ ದೂರ. ನಡುವೆ ಘಟ್ಟ ಇಳಿಯಬೇಕಾದ್ದರಿಂದ ಇಡೀ ಹಗಲು ಪ್ರಯಾಣಕ್ಕೇ ಹೋಗುತ್ತದೆಂದು ತಿಳಿದು, ನೋಡುವ ಕೆಲಸವನ್ನು ಮರುದಿನಕ್ಕೆ ಇಟ್ಟುಕೊಳ್ಳಿ. ಊರೊಳಗೆ ಲೇಡಿಹಿಲ್, ಉರ್ವ ಮಾರುಕಟ್ಟೆಯ ಕಡೆಯಿಂದ ಬೋಳೂರಿಗೆ ಹೋಗಬಹುದು. ಆಟೋದವರಿಗೆ ಸುಲ್ತಾನ್ ಬತ್ತೇರಿ ಎಂದರೆ ಸಾಕು. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಕರಾವಳಿಯ ಮಳೆ ನಮ್ಮ ಬಯಲುಸೀಮೆಯ ಮಳೆಯಂತಲ್ಲ, ಆ ತಿಂಗಳುಗಳನ್ನು ಬಿಡುವುದು ಲೇಸು. ಬಿಸಿಲು ಇಳಿಯುವ ನಾಲ್ಕು ಗಂಟೆಯ ಹೊತ್ತಿಗೆ ಅಲ್ಲಿ ತಲುಪಿದರೆ ಸೆಕೆಯೂ ಸ್ವಲ್ಪ ತಗ್ಗಿರುತ್ತದೆ.

ತಲುಪಿದೊಡನೆ ಮೆಟ್ಟಿಲು ಹತ್ತಬೇಡಿ. ಮೊದಲು ಹೊರಗಿನಿಂದ ಒಂದು ಸುತ್ತು ಬಂದು, ಕಪ್ಪು ಕಲ್ಲಿನ ಗೋಡೆ ಎಷ್ಟು ದಪ್ಪವಿದೆ, ಅದರ ಸುತ್ತಲೂ ತೋಪುಗಳಿಗಾಗಿ ಬಿಟ್ಟ ಕಂಡಿಗಳು ಯಾವ ಯಾವ ದಿಕ್ಕಿಗಿವೆ ಎಂಬುದನ್ನು ಗಮನಿಸಿ. ಕಟ್ಟಡ ಕಾವಲು ಗೋಪುರದಷ್ಟೇ ಗಾತ್ರದ್ದಾದರೂ ನೋಟಕ್ಕೆ ಒಂದು ಪುಟ್ಟ ಕೋಟೆಯಂತೆಯೇ ಇದೆ. ಕೆಳಗೆ ಸಿಡಿಮದ್ದಿನ ಸಂಗ್ರಹಕ್ಕೆಂದು ಕಟ್ಟಿದ ನೆಲಮಾಳಿಗೆಯಿದೆ. ಆಮೇಲೆ ಮೇಲೇರಿ, ನದಿಯ ಕಡೆಗಿರುವ ಒಂದು ಕಂಡಿಯ ಮುಂದೆ ನಿಂತು, ಅದರೊಳಗಿಂದ ಮಾತ್ರ ನೀರನ್ನು ನೋಡಿ. ಗೋಡೆಯ ಮೇಲಿನಿಂದ ಇಣುಕಬೇಡಿ. ವಿಶಾಲವಾಗಿದ್ದ ನದಿ ಒಂದು ಪಟ್ಟಿಯಷ್ಟಾಗುತ್ತದೆ, ಆ ಪಟ್ಟಿಯನ್ನು ದಾಟದೆ ಯಾವ ಹಡಗೂ ಮುಂದೆ ಹೋಗಲಾರದೆಂಬುದು ಗೊತ್ತಾಗುತ್ತದೆ. ನನಗೆ ಇಡೀ ಭೇಟಿಯಲ್ಲಿ ಅತ್ಯಂತ ಬೆಲೆಯುಳ್ಳದ್ದೆಂದು ತೋರುವುದು ಈ ಕೆಲವು ನಿಮಿಷಗಳೇ. ಮಕ್ಕಳನ್ನು ಕರೆದೊಯ್ದರೆ ಅವರನ್ನೂ ಒಬ್ಬೊಬ್ಬರನ್ನಾಗಿ ಅಲ್ಲಿ ನಿಲ್ಲಿಸಿ, ಒಂದು ಮೀನುಗಾರಿಕೆ ದೋಣಿ ಹಾದುಹೋಗುವವರೆಗೆ ಕಾಯಲು ಹೇಳಿ.

ದಯವಿಟ್ಟು ಕಲ್ಲಿನ ಮೇಲೆ ಹೆಸರು ಕೆತ್ತಬೇಡಿ; ನಮ್ಮ ಕೋಟೆಯ ಬಂಡೆಗಳ ಮೇಲೆ ಅಂಥ ಗೀರುಗಳನ್ನು ಕಂಡು ನೊಂದವರೇ ಅಲ್ಲಿಯೂ ಅದನ್ನು ಮಾಡಬಾರದು.

ಸಮೀಪದ ಕಡವಿನಿಂದ ಎದುರು ದಡದ ತಣ್ಣೀರುಬಾವಿಗೆ ದೋಣಿ ಹೋಗುತ್ತದೆ. ಹತ್ತುವ ಮುನ್ನ, ಹಿಂದಿರುಗುವ ಕೊನೆಯ ದೋಣಿ ಎಷ್ಟು ಹೊತ್ತಿಗೆಂದು ಕೇಳಿಕೊಳ್ಳಿ. ಸಮುದ್ರ ತೀರದಲ್ಲಿ ಸ್ವಲ್ಪ ಹೊತ್ತು ಕಳೆದು ಮರಳಿ ಬರುವಾಗ, ದಡ ಹತ್ತಿರವಾದಂತೆಲ್ಲ ಬತ್ತೇರಿ ಇರುವ ಕಡೆಗೇ ಕಣ್ಣಿಟ್ಟಿರಿ: ನೀರಿನ ಮೇಲಿದ್ದವನು ಆ ಕಂಡಿಗಳ ಗುರಿಗೆ ಎಷ್ಟು ಹತ್ತಿರದಲ್ಲಿರುತ್ತಿದ್ದನೆಂಬುದು ಅಲ್ಲಿಂದಲೇ ಕಾಣಬೇಕು.