100 ದಿನದ ಕೂಲಿ

ನಮ್ಮ ಚರ್ಚ್ ಸಭೆಯ ಗಾಯನ ತಂಡವನ್ನು ನಾನು ನೋಡಿಕೊಳ್ಳುತ್ತೇನೆ. ಒಂದು ಭಾನುವಾರ ಆರಾಧನೆ ಮುಗಿದ ಮೇಲೆ ಒಬ್ಬ ಸಹೋದರಿ ಎಲ್ಲರ ಎದುರಿಗೇ, "ನಿಮಗೆ ನಿಮ್ಮ ಹೆಸರೇ ಮುಖ್ಯ" ಅಂದುಬಿಟ್ಟರು. ನಾನು ಮಾತಾಡಲಿಲ್ಲ. ಹಾಡಿನ ಪುಸ್ತಕಗಳನ್ನು ಜೋಡಿಸುತ್ತಾ ನಿಂತೆ. ಕೈ ನಡುಗುತ್ತಿತ್ತು.

ಆಮೇಲೆ ಇಬ್ಬರ ಹತ್ತಿರ ಹೋಗಿ, "ಒಂದು ವಿಷಯಕ್ಕೆ ಪ್ರಾರ್ಥನೆ ಮಾಡಿ" ಅಂತ ಶುರು ಮಾಡಿ ಪೂರ್ತಿ ಕಥೆ ಹೇಳಿದೆ. ಅದು ಚಾಡಿ, ಪ್ರಾರ್ಥನೆಯ ಹೆಸರಲ್ಲಿ ಹೇಳಿದ ಚಾಡಿ. ತಪ್ಪು ಮಾಡಿದವರ ಬಳಿ ಹೋಗಿ ಇಬ್ಬರೇ ಇರುವಾಗ ಮಾತಾಡಬೇಕು ಅನ್ನುತ್ತದೆ ಬೈಬಲ್‌ನ ಮತ್ತಾಯ 18:15. ಆ ವಚನ ನನಗೆ ಬಾಯಿಪಾಠ ಬರುತ್ತಿತ್ತು, ಅಷ್ಟೇ.

ಅದೇ ಅಧ್ಯಾಯದ ಕೊನೆಗೆ ಯೇಸು ಹೇಳಿದ ಕ್ಷಮಿಸದ ಆಳಿನ ಸಾಮ್ಯ, ಅಂದರೆ ನೀತಿಕಥೆ, ಇದೆ ಅಲ್ವಾ? ಅವನಿಗೆ ಒಡೆಯನಿಂದ ಮನ್ನಾ ಆಗಿದ್ದು 10,000 ತಲಾಂತು ಸಾಲ. ಒಂದು ತಲಾಂತು ಅಂದರೆ ಸುಮಾರು 6,000 ದಿನದ ಕೂಲಿ. ಆಮೇಲೆ ಅವನು ತನಗೆ ಸಾಲ ಕೊಡಬೇಕಿದ್ದ ಜೊತೆಗಾರನ ಕುತ್ತಿಗೆ ಹಿಡಿದ. ಆ ಜೊತೆಗಾರ ಕೊಡಬೇಕಿದ್ದದ್ದು 100 ದಿನದ ಕೂಲಿ. ಅದನ್ನು ನಾನು ಯಾವಾಗಲೂ ಚಿಲ್ಲರೆ ಕಾಸು ಅಂದುಕೊಂಡಿದ್ದೆ. ಆದರೆ ಮೂರು ತಿಂಗಳಿಗೂ ಜಾಸ್ತಿ ದುಡಿಮೆ ಅದು! ನನಗಾದ ನೋವನ್ನು ಯೇಸು ಸಣ್ಣದು ಅನ್ನಲಿಲ್ಲ ಅಂತ ಅವತ್ತು ತಿಳಿಯಿತು, ಕಣ್ಣೀರು ಬಂತು. ದೇವರಿಂದ ಇಷ್ಟೊಂದು ಮನ್ನಾ ಆದ ಮೇಲೂ ನಾನು ಆ ಸಹೋದರಿಯ ಕುತ್ತಿಗೆ ಹಿಡಿದಿದ್ದೆ ಅನ್ನುವುದೂ ತಿಳಿಯಿತು.

ಅವರ ಮನೆಗೆ ಹೋದೆ. "ಅವತ್ತಿನ ಮಾತಿನಿಂದ ತುಂಬಾ ನೋವಾಯಿತು. ಅದರಲ್ಲಿ ನಿಜ ಎಷ್ಟಿದೆ ಹೇಳಿ" ಅಂದೆ. ಮಧ್ಯೆ ಬಾಯಿ ಹಾಕಬಾರದು ಅಂತ ಮೊದಲೇ ಗಟ್ಟಿ ಮಾಡಿಕೊಂಡಿದ್ದೆ. ಅವರ ಮಗಳು ಹಾಡಲು ಮೂರು ಸಲ ಕೇಳಿದ್ದಳಂತೆ. ಮೂರು ಸಲವೂ ನಾನು "ಮುಂದಿನ ವಾರ ನೋಡೋಣ" ಅಂದಿದ್ದೆನಂತೆ. ನನಗೆ ನೆನಪೇ ಇರಲಿಲ್ಲ. ಆ ಹುಡುಗಿ ಎಷ್ಟು ಭಾನುವಾರ ಕಾದು ಕೂತಿದ್ದಳೋ. ತಾಯಿ ಮಗಳು ಇಬ್ಬರ ಹತ್ತಿರವೂ ಕ್ಷಮೆ ಕೇಳಿದೆ. "ಆದರೆ" ಅನ್ನುವ ಪದ ನಾಲಿಗೆ ತುದಿಗೆ ಬಂದಿತ್ತು, ನುಂಗಿಕೊಂಡೆ. ಅವರು ಅವತ್ತು ತಿರುಗಿ ಕ್ಷಮೆ ಕೇಳಲಿಲ್ಲ. ನಾನು ಕ್ಷಮಿಸೋಕೆ ಅದು ಬೇಕಾಗಿರಲಿಲ್ಲ. ಮಗಳು ಈಗ ನಮ್ಮ ಜೊತೆ ಹಾಡುತ್ತಾಳೆ.

ನಿಜವಾಗಿ ಕಷ್ಟವಾಗಿದ್ದು ಇದಾದ ಮೇಲೆ. ನಾನು ಕಥೆ ಹೇಳಿದ್ದ ಇಬ್ಬರ ಹತ್ತಿರ ಮತ್ತೆ ಹೋಗಿ, "ನಾನು ಹೇಳಿದ್ದು ಅರ್ಧ ಮಾತ್ರ, ತಪ್ಪು ನನ್ನದೂ ಇತ್ತು" ಅನ್ನಬೇಕಿತ್ತು. ಒಬ್ಬರು ಸುಮ್ನೆ ಕೈ ಹಿಡಿದುಕೊಂಡರು. ಇನ್ನೊಬ್ಬರು ಅಷ್ಟರಲ್ಲಿ ಬೇರೆ ಒಬ್ಬರಿಗೆ ಹೇಳಿಬಿಟ್ಟಿದ್ದರು. ಆ ಮನೆಗೂ ಹೋದೆ.