ಏಕಕಾಲಕ್ಕೆ, ಅದೇ ಹೊತ್ತಿಗೆ, ವಾರಿಗೆಯವರು

ಧಾರವಾಡದಲ್ಲಿ ಕೂತು ಇತಿಹಾಸದ ಬರಹಗಳ ಕರಡು ತಿದ್ದುವುದು ನನ್ನ ಕೆಲಸ. ನನ್ನ ಕೆಂಪು ಪೆನ್ನು ಜಾಸ್ತಿ ನಿಲ್ಲುವುದು ‘ಏಕಕಾಲಕ್ಕೆ’ ಅನ್ನೋ ಪದದ ಹತ್ತಿರ. ಎಲ್ಲಿ ಬೇಕಾದರೂ ಸುಮ್ನೆ ಅದನ್ನೇ ಹಾಕಿಬಿಡುತ್ತಾರೆ.

ಒಂದು ಕರಡಿನಲ್ಲಿ ಹೀಗಿತ್ತು: ‘ಲಕ್ಕುಂಡಿಯ ಬ್ರಹ್ಮ ಜಿನಾಲಯ, ತಂಜಾವೂರಿನ ಬೃಹದೀಶ್ವರ ಗುಡಿ ಏಕಕಾಲಕ್ಕೆ ನಿರ್ಮಾಣಗೊಂಡವು.’ ಓದಿದರೆ ಎರಡೂ ಕಡೆ ಒಂದೇ ದಿನ ಗುದ್ದಲಿ ಪೂಜೆ ಆದ ಹಾಗಿದೆ! ಅತ್ತಿಮಬ್ಬೆ ಕಟ್ಟಿಸಿದ ಬಸದಿ 1007ರದ್ದು. ರಾಜರಾಜ ಚೋಳನ ಗುಡಿ ಮುಗಿದದ್ದು 1010ರಲ್ಲಿ. ‘ಲಕ್ಕುಂಡಿಯಲ್ಲಿ ಬಸದಿ ಎದ್ದು ನಿಲ್ಲುವ ಹೊತ್ತಿಗೆ ಅತ್ತ ತಂಜಾವೂರಿನಲ್ಲೂ ಗುಡಿ ಏಳುತ್ತಿತ್ತು’ ಎಂದು ತಿದ್ದಿದೆ. ‘ಹೊತ್ತಿಗೆ’ ಅಂದರೆ ಎರಡು ಮೂರು ವರ್ಷ ಆಚೀಚೆ ಆದರೂ ನಡೆಯುತ್ತದೆ. 1999ರಲ್ಲಿ ನಮ್ಮ ರಾಜ್ಯದಲ್ಲಿ ಲೋಕಸಭೆ, ವಿಧಾನಸಭೆ ಎರಡಕ್ಕೂ ಚುನಾವಣೆ ಆಯಿತಲ್ಲ, ‘ಏಕಕಾಲಕ್ಕೆ’ ಅಂಥ ಕಡೆ ಇರಲಿ.

ಮನುಷ್ಯರ ವಿಷಯ ಬಂದರೆ ಇನ್ನೂ ಮಜಾ. ಬಸವಣ್ಣ ಬಿಜ್ಜಳನ ಸಮಕಾಲೀನ, ಅದರಲ್ಲಿ ತಕರಾರಿಲ್ಲ. ಆದರೆ ಬರೀ ‘ಸಮಕಾಲೀನ ಕವಿ’ ಎಂದು ಬರೆದರೆ ಈಗಿನ ಕವಿ ಅಂತಲೂ ಆಗುತ್ತದೆ, ಅಲ್ವಾ? ಅಂಥ ಕಡೆ ಅಂಚಿನಲ್ಲಿ ‘ಯಾರ?’ ಎಂದು ಬರೆದು ಕಳಿಸುತ್ತೇನೆ.

ಬೇಂದ್ರೆಯವರು ಹುಟ್ಟಿದ್ದು 1896ರ ಜನವರಿ 31ಕ್ಕೆ. ಶಂಬಾ ಜೋಶಿಯವರು ಅದೇ ತಿಂಗಳ 4ಕ್ಕೆ. ಇವರಿಬ್ಬರನ್ನು ‘ವಾರಿಗೆಯವರು’ ಎಂದರೆ ಸಾಕು, ನಮ್ಮ ಕಡೆ ಯಾರಿಗೂ ಬಿಡಿಸಿ ಹೇಳಬೇಕಿಲ್ಲ. 1910ರಲ್ಲಿ ಹುಟ್ಟಿದ ಮಲ್ಲಿಕಾರ್ಜುನ ಮನ್ಸೂರರೂ ಅದೇ ಧಾರವಾಡದಲ್ಲಿ ಬಾಳಿದವರು. ಅವರು ಬೇಂದ್ರೆಯವರ ಸಮಕಾಲೀನರು ಹೌದು, ವಾರಿಗೆಯವರಲ್ಲ. ಹದಿನಾಲ್ಕು ವರ್ಷ ಚಿಕ್ಕವರನ್ನು ವಾರಿಗೆಯವರು ಅಂದರೆ ಓಣಿಯ ಹಿರಿಯರು ನಕ್ಕಾರು.

‘ಒಮ್ಮೆಲೇ’ ಕಂಡರೂ ನನಗೆ ಅನುಮಾನ. ‘ಒಮ್ಮೆಲೇ ಮೂರು ಬಸ್ ಬಂದವು’ ಅಂದರೆ ಒಟ್ಟಿಗೆ ಬಂದವೋ, ದಿಢೀರನೆ ಬಂದವೋ?

ಕೆಲವು ಕಡೆ ಇಂಥ ಪದವೇ ಬೇಡ. ‘ಅವಳು ಏಕಕಾಲದಲ್ಲಿ ಹಾಡುವುದು ಮತ್ತು ರೊಟ್ಟಿ ಬಡಿಯುವುದನ್ನು ಮಾಡಿದಳು’ ಎಂದು ಬರೆದವರೂ ಇದ್ದಾರೆ! ‘ಹಾಡುತ್ತಾ ರೊಟ್ಟಿ ಬಡಿದಳು’ ಅಂದರೆ ಮುಗಿಯಿತು. ಮನೆಯಲ್ಲಿ ‘ಹಾಡ್ಕೋತ’ ಅಂತೀವಿ. ಆದರೆ ಎರಡೂ ಕೆಲಸ ಒಬ್ಬರೇ ಮಾಡುತ್ತಿರಬೇಕು. ‘ಅವ್ವ ಹಾಡುತ್ತಾ ಮಗ ಕುಣಿದ’ ಎಂದು ಬರೆಯಲು ಬರುವುದಿಲ್ಲ. ಅಲ್ಲಿ ‘ಹಾಡುವಾಗ’ ಎಂದೇ ಮಾಡಬೇಕು.